ಹುಣಸೆದೊಡ್ಡಿ ಹಾಲ್ಟ್ ಬಸ್ಸಿನ ವಿಳಂಬಕ್ಕೆ ಸಮಜಾಯಿಷಿ

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ನಾನು ಈ ಹಿಂದೆ ಲೇಖನವೆಂಬುದನ್ನು ಬರೆದವಳಲ್ಲ. ಸರ್ಕಾರಿ ಬಸ್ಸು ಓಡಿಸುವ ಸಂಸ್ಥೆಯೊಂದರ ಘಟಕದಲ್ಲಿ, ಅಂದರೆ ಜನರು ಡಿಪೋ ಎಂದು ಕರೆಯುವ ಜಾಗದಲ್ಲಿ, ಗುಮಾಸ್ತೆಯಾಗಿ ಕುಳಿತು ಇಷ್ಟು ವರ್ಷ ಪತ್ರಗಳನ್ನು ಮಾತ್ರ ಬರೆದಿದ್ದೇನೆ. ಆದುದರಿಂದ ಈ ಬರಹದಲ್ಲಿ ಪತ್ರದ ವಾಸನೆ ಬಂದಲ್ಲಿ ದಯಮಾಡಿ ಸಹಿಸಿಕೊಳ್ಳಬೇಕಾಗಿ ಕೋರುತ್ತೇನೆ. ಬೇರೆ ಬಗೆಯ ಭಾಷೆ ನನಗೆ ಬರುವುದಿಲ್ಲ. ಬಂದಿದ್ದರೆ ಇದನ್ನು ಬರೆಯಬೇಕಾದ ಸಂದರ್ಭವೇ ಒದಗುತ್ತಿರಲಿಲ್ಲವೆಂದು ಮುಂದೆ ಓದಿದಾಗ ತಿಳಿದುಬರುತ್ತದೆ.

ಹೋದ ತಿಂಗಳು ನಮ್ಮ ಕಚೇರಿಯಲ್ಲಿ ಅವಧಿ ಮುಗಿದ ಕಡತಗಳನ್ನು ನಾಶಪಡಿಸುವ ಸಲುವಾಗಿ ಪಟ್ಟಿ ಮಾಡಲು ನನಗೆ ಸೂಚಿಸಲಾಯಿತು. ದೂಳು ಹಿಡಿದ ಕಟ್ಟುಗಳನ್ನು ಬಿಚ್ಚುತ್ತಾ ಹೋದಂತೆ ತೆಳುವಾದ ಒಂದು ಕಡತ ಕೈಗೆ ಬಂದಿತು. ಅದರಲ್ಲಿ ಒಬ್ಬ ಚಾಲಕರಿಗೆ ಕೊಟ್ಟ ಹದಿನಾಲ್ಕು ಜ್ಞಾಪನಗಳೂ, ಅಂದರೆ ಮೆಮೋಗಳೂ, ಅವರು ಕೊಟ್ಟ ಹದಿನಾಲ್ಕು ಉತ್ತರಗಳೂ ಇದ್ದವು. ಎಡಗಡೆಯ ಪುಟದಲ್ಲಿ ಕಚೇರಿ ಗದರಿಸುತ್ತದೆ, ಬಲಗಡೆಯ ಪುಟದಲ್ಲಿ ಚಾಲಕರು ಕ್ಷಮೆ ಕೇಳುತ್ತಾರೆ. ಎರಡೂ ಪುಟಗಳ ಕೈಬರಹ ಒಂದೇ. ಅದು ನನ್ನದು.

ಆ ಚಾಲಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನನ್ನ ಕೈಯಿಂದ ಆ ಹೆಸರನ್ನು ಹಲವಾರು ಬಾರಿ ಬರೆದಿದ್ದೇನೆ, ಪ್ರತಿ ಬಾರಿಯೂ ತಪ್ಪಿತಸ್ಥರ ಜಾಗದಲ್ಲಿ. ಇನ್ನೊಮ್ಮೆ ಬರೆಯಲು ಕೈ ಬರುತ್ತಿಲ್ಲ.

ಅವರು ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿ ಕಡೆಯವರು. ಕುಳ್ಳಗೆ, ಅಗಲ ಹೆಗಲು, ನರೆತ ಹುರಿಮೀಸೆ. ಖಾಕಿ ಅಂಗಿಯ ಎರಡನೆಯ ಗುಂಡಿ ಯಾವಾಗಲೂ ಬೇರೆ ಬಣ್ಣದ್ದು. ಬಸ್ಸನ್ನು ಹತ್ತುವ ಮುನ್ನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಒಂದು ಕ್ಷಣ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಅದು ಪ್ರಾರ್ಥನೆಯಲ್ಲ, ಪರೀಕ್ಷೆ. ಕೈ ತೆಗೆದು ಮೆಕ್ಯಾನಿಕ್ಕರಿಗೆ, "ಇವತ್ತು ಇದ್ರ ಮೂಗು ಕಟ್ಕಂಡೈತೆ ಕಣಪ್ಪೋ, ಒಸಿ ನೋಡು" ಎನ್ನುತ್ತಿದ್ದರು. ಮೆಕ್ಯಾನಿಕ್ಕರು ನಗುತ್ತಾ ಬಿಚ್ಚಿ ನೋಡಿದರೆ ಫಿಲ್ಟರಿನಲ್ಲಿ ಕಸ ಸಿಕ್ಕಿರುತ್ತಿತ್ತು. ಬಸ್ಸನ್ನು ಘಟಕಕ್ಕೆ ತಂದು ಬಿಟ್ಟು ಬಂದವರನ್ನು 'ಡ್ಯೂಟಿ ಮುಗಿಯಿತೇ' ಎಂದು ಕೇಳಿದರೆ, "ಹೂಂ, ಮಲಗಿಸ್ಬುಟ್ಟು ಬಂದೆ" ಎನ್ನುವರು. ಅವರಿಗೆ ಮಕ್ಕಳಿರಲಿಲ್ಲ.

ನಮ್ಮ ತಂದೆಯವರು ಅದೇ ಘಟಕದಲ್ಲಿ ನಿರ್ವಾಹಕರಾಗಿದ್ದು, ಸೇವೆಯಲ್ಲಿರುವಾಗಲೇ ತೀರಿಕೊಂಡಿದ್ದರಿಂದ ನನಗೆ ಅನುಕಂಪದ ಆಧಾರದ ಮೇಲೆ ಕೆಲಸ ದೊರೆಯಿತು. ಸೇರಿದ ದಿನ ನಾನು ಮೇಜಿನ ಮೂಲೆಯನ್ನೇ ಹಿಡಿದುಕೊಂಡು ಕುಳಿತಿದ್ದೆ. ಎಲ್ಲರೂ ನೋಡಿ ಹೋದರು, ಇವರು ನಿಂತು ಮಾತನಾಡಿಸಿದರು.

"ನಿಮ್ಮಪ್ಪನೂ ನಾನೂ ಒಂದೇ ಬುತ್ತೀಲಿ ಉಂಡೋರು ಕಣವ್ವ. ಹೆದರ್ಕಬ್ಯಾಡ. ಈ ಆಪೀಸ್ನಲ್ಲಿ ಕಡಿಯಾದು ಸೊಳ್ಳೆ ಒಂದೇಯ."

ಮರುದಿನದಿಂದ ನಾಲ್ಕು ಜನರ ಎದುರಿಗೆ ನನ್ನನ್ನು 'ಮೇಡಮ್ಮೋರೆ' ಎಂದೇ ಕರೆದರು. ಯಾರೂ ಇಲ್ಲದಾಗ ಮಾತ್ರ 'ಕಣವ್ವ'.

ಆಗ ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದು ನಿಲ್ಲುತ್ತಿದ್ದ ಕಾಲ. ಹಾರೋಹಳ್ಳಿಯ ಹೊಲಗಳಿಗೆ ಕಲ್ಲು ನೆಟ್ಟು ತಂತಿ ಎಳೆಯುತ್ತಿದ್ದರು. ನಮ್ಮ ಘಟಕದಿಂದ ಸಂಜೆ ಹೊರಟು, ಮಾಗಡಿ ತಾಲ್ಲೂಕಿನ ಹುಣಸೆದೊಡ್ಡಿ ಎಂಬ ಹಳ್ಳಿಯಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಅಲ್ಲಿಂದ ರಾಮನಗರಕ್ಕೆ ಬರುವ ಒಂದು ಹಾಲ್ಟ್ ಬಸ್ಸು ಇದ್ದಿತು. ಹಳ್ಳಿಗೆ ಅದೊಂದೇ ಬೆಳಗಿನ ಬಸ್ಸು. ಅದು ತಪ್ಪಿದರೆ ಐದು ಕಿಲೋಮೀಟರು ನಡೆದು ಕ್ರಾಸಿಗೆ ಹೋಗಬೇಕು. ರೇಷ್ಮೆಗೂಡಿನ ಬುಟ್ಟಿಗಳು ರಾಮನಗರದ ಮಾರುಕಟ್ಟೆಗೆ ಹೋಗುತ್ತಿದ್ದುದು, ಊರಿನ ಹೆಣ್ಣುಮಕ್ಕಳು ಬಿಡದಿಯ ಕಾರ್ಖಾನೆಯ ಪಾಳಿಗೆ ಹೋಗುತ್ತಿದ್ದುದು, ಕಾಯಿಲೆಯವರು ಆಸ್ಪತ್ರೆಗೆ ಹೋಗುತ್ತಿದ್ದುದು ಎಲ್ಲವೂ ಅದರಲ್ಲೇ. ಆ ಬಸ್ಸನ್ನು ಏಳು ವರ್ಷಗಳಿಂದ ನಡೆಸುತ್ತಿದ್ದವರು ಇವರು.

ವೇಳಾಪಟ್ಟಿಯ ಪ್ರಕಾರ ಬಸ್ಸು ಹುಣಸೆದೊಡ್ಡಿಯನ್ನು ಬಿಡಬೇಕಾದುದು ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ. ಇವರು ಎಂದೂ ಆ ಹೊತ್ತಿಗೆ ಬಿಟ್ಟವರಲ್ಲ. ಏಳು ನಿಮಿಷ, ಒಂಬತ್ತು ನಿಮಿಷ, ಒಮ್ಮೊಮ್ಮೆ ಹನ್ನೊಂದು ನಿಮಿಷ ತಡ. ರಾಮನಗರದ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕರು ಬಸ್ಸು ತಲುಪಿದ ವೇಳೆಯನ್ನು ಬರೆದಿಡುತ್ತಿದ್ದರು. ಆ ಪಟ್ಟಿ ಒಂದೆರಡು ತಿಂಗಳಿಗೊಮ್ಮೆ ನಮ್ಮ ಕಚೇರಿಗೆ ಬರುತ್ತಿತ್ತು. ತಡವಾದ ಚಾಲಕರಿಗೆ ಕಾರಣ ಕೇಳಿ ಜ್ಞಾಪನ ಬರೆಯುವುದು ನನ್ನ ಕೆಲಸವಾಗಿತ್ತು.

ಮೊದಲನೆಯ ಜ್ಞಾಪನವನ್ನು ಬಹಳ ಎಚ್ಚರಿಕೆಯಿಂದ, ಹಳೆಯ ಕಡತಗಳನ್ನು ನೋಡಿ ನೋಡಿ ಬರೆದಿದ್ದೆ. ಅದನ್ನು ಪಡೆದ ಎರಡನೆಯ ದಿನ ಅವರು ಆ ಕಾಗದವನ್ನು ನಾಲ್ಕಾಗಿ ಮಡಿಸಿ ಹಿಡಿದುಕೊಂಡು ನನ್ನ ಮೇಜಿನ ಬಳಿ ಬಂದರು. ನಾಲ್ಕನೆಯ ತರಗತಿಯವರೆಗೆ ಓದಿದ್ದ ಅವರಿಗೆ ಊರಿನ ಬೋರ್ಡು ಓದಲು ಬರುತ್ತಿತ್ತೇ ಹೊರತು ನಮ್ಮ ಕಚೇರಿಯ ಭಾಷೆ ಬರುತ್ತಿರಲಿಲ್ಲ.

"ಇದ ಬರ್ದೋರು ಯಾರು ಮೇಡಮ್ಮೋರೆ?"

"ನಾನೇ ಬರೆದದ್ದು" ಎಂದೆ.

"ಬಲ್ ಚೆಂದಾಗಿ ಬರ್ದಿದ್ದೀರಿ. ಕಂಡಕ್ಟರ್ ತಾವ ಓದ್ಸಿ ಕೇಳ್ದೆ, ನನ್ ಮ್ಯಾಲೆ ನಂಗೇ ಕ್ವಾಪ ಬಂದ್ಬುಡ್ತು. ಹಂಗೇ ಇದ್ಕೆ ಉತ್ರಾನೂ ನೀವೇ ಬರ್ಕೊಟ್ಬುಡಿ. ಪ್ರಶ್ನೆ ಕೇಳ್ದೋರ್ಗೆ ತಾನೆ ಉತ್ರ ಗೊತ್ತಿರಾದು?"

ಕಚೇರಿಯೆಲ್ಲ ನಕ್ಕಿತು. ನಮ್ಮ ಮೇಲ್ವಿಚಾರಕರು ಕನ್ನಡಕದ ಮೇಲಿನಿಂದ ನೋಡಿ, "ಬರ್ಕೊಡಮ್ಮ, ನಮೂನೆ ಐತಲ್ಲ. ಕ್ಷಮೆ ಕೇಳ್ಬುಟ್ರೆ ಫೈಲ್ ಕ್ಲೋಸು. ಕಾರಣ ಗೀರಣ ಬರೆಯೋಕೆ ಹೋದ್ರೆ ಅದಕ್ಕೊಂದು ವಿಚಾರಣೆ, ವಿಚಾರಣೆಗೊಂದು ವರದಿ. ಬ್ಯಾಡ" ಎಂದರು.

ನಾನು ನಮೂನೆಯಂತೆ ಬರೆದೆ. 'ಸದರಿ ದಿನದಂದು ನನ್ನ ನಿರ್ಲಕ್ಷ್ಯದಿಂದಾಗಿ ವಾಹನವು ತಡವಾಗಿ ಹೊರಟಿರುವುದು ನಿಜವಾಗಿರುತ್ತದೆ. ಇನ್ನು ಮುಂದೆ ಈ ರೀತಿ ಆಗದಂತೆ ಎಚ್ಚರಿಕೆ ವಹಿಸುತ್ತೇನೆಂದು ಈ ಮೂಲಕ ಬರೆದುಕೊಡುತ್ತೇನೆ.' ಬರೆದುದನ್ನು ಅವರಿಗೆ ಓದಿ ಹೇಳಿದೆ.

"ನಿರ್ಲಕ್ಷ್ಯ ಅಂದ್ರೆ ಏನವ್ವ?" ಎಂದು ಅವರು ದನಿ ತಗ್ಗಿಸಿ ಕೇಳಿದರು.

"ಅಂದರೆ, ಗಮನ ಕೊಡದೆ ಇರುವುದು."

ಅವರು ಸಹಿ ಹಾಕಲು ಎತ್ತಿದ್ದ ಪೆನ್ನನ್ನು ಕೆಳಗಿಟ್ಟರು. "ಗಮನ ಕೊಟ್ಟಿದ್ಕೇ ಅಲ್ವಾ ಕಣವ್ವ ತಡ ಆಗಿದ್ದು?"

ನಾನು ಕಾಗದವನ್ನು ಅವರ ಕಡೆ ಸರಿಸಿದೆ. ಅವರೇ, "ಆಯ್ತು ಬುಡು, ನಿನ್ ಕೆಲ್ಸ ಮುಗೀಲಿ" ಎಂದು ನಾಲಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಒಂದೊಂದೇ ಅಕ್ಷರವನ್ನು ಒತ್ತಿ ಒತ್ತಿ ಸಹಿ ಹಾಕಿದರು. ಹಿಂದಿನ ಪುಟದಲ್ಲಿ ಅದರ ಗುರುತು ಈಗಲೂ ಬೆರಳಿಗೆ ಸಿಗುತ್ತದೆ.

ಹೀಗೆ ಪ್ರಾರಂಭವಾದ ಕ್ರಮ ಮುಂದುವರಿಯಿತು. ನಾನು ಜ್ಞಾಪನ ಬರೆಯುವುದು, ಅವರು ಅದನ್ನು ಹಿಡಿದು ಬರುವುದು, ನಾನೇ ಉತ್ತರ ಬರೆಯುವುದು, ಅವರು ಸಹಿ ಹಾಕುವುದು. ಬರುವಾಗ ಒಮ್ಮೊಮ್ಮೆ ಹುಣಸೆದೊಡ್ಡಿಯವರು ಕೊಟ್ಟ ಏನಾದರೊಂದು ಅವರ ಕೈಯಲ್ಲಿರುತ್ತಿತ್ತು. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿಯ ಚೀಲವನ್ನೇ ತಂದು ಕಚೇರಿಯ ನೆಲದ ಮೇಲೆ ಸುರಿದು, ಎಲ್ಲರಿಗೂ ಪಾಲು ಹಾಕುವರು. ಮೇಲ್ವಿಚಾರಕರ ಪಾಲನ್ನು ಕೊಡುತ್ತಾ, "ತಕಳಿ ಸ್ವಾಮಿ, ತಡವಾಗಿ ಬಂದ್ ಬಸ್ನಲ್ಲೇ ಬಂದಿದ್ದು. ಟೈಮಿಗ್ ಬುಟ್ಟಿದ್ರೆ ಇದು ಬತ್ತಿರ್ನಿಲ್ಲ" ಎನ್ನುವರು.

ತಡವೇಕೆ ಆಗುತ್ತದೆಂಬುದನ್ನು ನಾನು ಕೇಳಿರಲಿಲ್ಲ. ಕೇಳುವುದು ನನ್ನ ಕೆಲಸವೆಂದು ಅನ್ನಿಸಿರಲಿಲ್ಲ. ಪ್ರತಿ ಜ್ಞಾಪನದಲ್ಲಿಯೂ 'ಕಾರಣವೇನೆಂದು ತಿಳಿಸತಕ್ಕದ್ದು' ಎಂದು ಬರೆಯುತ್ತಿದ್ದವಳು ನಾನೇ ಎಂಬುದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡನೆಯ ವರ್ಷ, ಹುಣಸೆದೊಡ್ಡಿಯ ಪಕ್ಕದ ಊರಿನಲ್ಲಿದ್ದ ನಮ್ಮ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಹಿಂದಿರುಗುವಾಗ ಬೆಳಿಗ್ಗೆ ಆ ಬಸ್ಸನ್ನೇ ಹಿಡಿಯಲು ಹುಣಸೆದೊಡ್ಡಿಗೆ ಬಂದೆ. ಹಾಲಿನ ಡೈರಿಯ ಎದುರು ಮರದಡಿಯಲ್ಲಿ ಬಸ್ಸು ನಿಂತಿತ್ತು. ಇವರು ಆಗಲೇ ಎಂಜಿನ್ ಚಾಲೂ ಮಾಡಿ ಒಂದು ಹಾರನ್ ಹೊಡೆದಿದ್ದರಂತೆ. ಅದು ಊರು ಏಳುವುದಕ್ಕೆ. ನಾನು ಬರುವ ಹೊತ್ತಿಗೆ ಎರಡನೆಯದನ್ನು ಹೊಡೆದರು. ಅದು ಹಾಲು ಕರೆದು ಮುಗಿಸಿ ಎಂಬುದಕ್ಕೆ. ಮೂರನೆಯ ಹಾರನ್ ಎಂದರೆ ಬಸ್ಸು ಹೊರಟಿತು ಎಂದು ಅರ್ಥ. ಊರಿನಲ್ಲಿ ಯಾರ ಮನೆಯಲ್ಲಿ ಕೇಳಿದರೂ ಈ ಮೂರು ಹಾರನ್ನಿನ ಲೆಕ್ಕವನ್ನು ಹೇಳುತ್ತಿದ್ದರು.

ಡೈರಿಯ ಬಾಗಿಲು ತೆರೆಯುತ್ತಿದ್ದುದು ಆರು ಗಂಟೆಗೆ. ಅದಕ್ಕೆ ಮುಂಚೆ ಕಾರ್ಯದರ್ಶಿ ಬರುತ್ತಿರಲಿಲ್ಲ. ನಲವತ್ತು ಮನೆಯವರು ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದರು. ಕಾರ್ಯದರ್ಶಿ ಒಬ್ಬೊಬ್ಬರ ಹಾಲಿಗೂ ಗಾಜಿನ ಕೊಳವೆ ಇಳಿಬಿಟ್ಟು ನೋಡಿ, ಅಳೆದು, ಪುಸ್ತಕದಲ್ಲಿ ಬರೆಯಬೇಕು. ಸಾಲಿನಲ್ಲಿದ್ದ ಹೆಂಗಸರಲ್ಲಿ ಅರ್ಧದಷ್ಟು ಜನ ಬಸ್ಸಿಗೂ ಬರಬೇಕಾದವರು. ಹತ್ತು ನಿಮಿಷದಲ್ಲಿ ನಲವತ್ತು ಮನೆಯ ಹಾಲನ್ನು ಅಳೆಯಲು ಯಾರಿಂದಲೂ ಸಾಧ್ಯವಿರಲಿಲ್ಲ.

ನಿರ್ವಾಹಕ ಹುಡುಗ ಕೈಗಡಿಯಾರವನ್ನು ತೋರಿಸಿ, "ಅಣ್ಣೋ, ಆರೂ ಹದಿನಾರಾಯ್ತು ಕಣಣ್ಣ. ಕ್ರಾಸ್ ತಾವ ಚೆಕಿಂಗ್‌ನೋರು ನಿಂತಿದ್ರೆ ಏನ್ ಮಾಡಾದು?" ಎಂದ.

"ನಿಂತಿರ್ಲಿ ಬುಡ್ಲಾ. ಅವ್ರೂ ಮನೇಲಿ ಕಾಪಿ ಕುಡಿಯಾಕಿಲ್ವಾ? ಹಾಲೇನು ಮ್ಯಾಲಿಂದ ಬತ್ತದಾ?"

ಸಾಲಿನ ತುದಿಯಲ್ಲಿದ್ದ ಹೆಂಗಸೊಬ್ಬರು ಕೂಗಿದರು. ಊರಿನವರೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತಿದ್ದರು. ಅವರಿಗೆ ಇದ್ದುದು ಒಂದೇ ಹಸು. ಅವರ ಸೊಸೆ ಬಿಡದಿಯ ಕಾರ್ಖಾನೆಗೆ ಹೋಗುತ್ತಿದ್ದಳು. "ಡ್ರೈವರಣ್ಣೋ, ಒಸಿ ತಡಿ! ನಂದೊಂದೇ ಕ್ಯಾನು ಉಳ್ದಿರಾದು, ನನ್ ಸೊಸೆ ಹತ್ಬೇಕು!"

"ನಿನ್ ಹಸೀಗೆ ಯೋಳವ್ವ, ಒಸಿ ಬಿರ್ನೆ ಸುರಿಸು ಅಂತ! ಆಪೀಸ್‌ನೋರು ನಂಗೆ ಬೈದು ಬರೀತಾವ್ರೆ. ತಕಾ, ಬರ್ಯೋರೂ ಇಲ್ಲೇ ಅವ್ರೆ ನೋಡು!" ಎಂದು ನನ್ನ ಕಡೆ ಕೈ ತೋರಿಸಿದರು. ಸಾಲೆಲ್ಲ ತಿರುಗಿ ನನ್ನನ್ನು ನೋಡಿ ನಕ್ಕಿತು. ನಾನು ಸೆರಗು ಸರಿಮಾಡಿಕೊಂಡೆ.

ದೊಡ್ಡವ್ವನ ಸೊಸೆ ಖಾಲಿ ಕ್ಯಾನನ್ನು ಅತ್ತೆಯ ಕೈಗೆ ಕೊಟ್ಟು, ಓಡಿ ಬಂದು ಬಸ್ಸು ಹತ್ತಿದಳು. ಇವರು ಹಿಂತಿರುಗಿ ನೋಡಿ, ತುಟಿ ಅಲ್ಲಾಡಿಸಿ ತಲೆಗಳನ್ನು ಎಣಿಸಿ, ಮೂರನೆಯ ಹಾರನ್ ಹೊಡೆದರು. ಹನ್ನೊಂದು ನಿಮಿಷ ತಡವಾಗಿತ್ತು.

ದಾರಿಯಲ್ಲಿ ಅವರು ವೇಗವನ್ನು ಹೆಚ್ಚಿಸಲಿಲ್ಲ. ಬುಟ್ಟಿಗಳಲ್ಲಿ ಗೂಡು ಇದ್ದುದರಿಂದ ಪ್ರತಿ ಉಬ್ಬಿನಲ್ಲಿಯೂ ಬಸ್ಸನ್ನು ಮಗುವಿನಂತೆ ಇಳಿಸಿದರು. ಮುಂದಿನ ಸೀಟಿನಲ್ಲಿದ್ದ ನಾನು, ತಡವಾದುದನ್ನು ಸರಿದೂಗಿಸಬಹುದಲ್ಲವೇ ಎಂದು ಕೇಳಿದೆ.

"ಊರಲ್ಲಿ ಕಳ್ಕಂಡಿದ್ ಟೈಮ್ನ ರಸ್ತೇಲಿ ಹುಡುಕ್ಬಾರ್ದು ಕಣವ್ವ. ಸಿಕ್ಕಾಕಿಲ್ಲ, ಬ್ಯಾರೆ ಏನಾರ ಸಿಕ್ಕಿಬುಡ್ತದೆ." ಅವರ ಸೇವೆಯಲ್ಲಿ ಒಂದೇ ಒಂದು ಅಪಘಾತವೂ ಇರಲಿಲ್ಲವೆಂಬುದನ್ನು ಇಲ್ಲಿ ನಮೂದಿಸುತ್ತೇನೆ.

ರಾಮನಗರದಲ್ಲಿ ಎಲ್ಲರೂ ಇಳಿದ ಮೇಲೆ ಅವರು ನನ್ನನ್ನು ನಿಲ್ಲಿಸಿ ಹೇಳಿದರು. "ನೀನೇ ಕಣ್ಣಾರೆ ನೋಡ್ದಲ್ಲವ್ವ. ಆರೂ ಹತ್ತು ಅಂತಿರಾದ ಆರೂ ಇಪ್ಪತ್ತು ಅಂತ ಮಾಡ್ಸ್ಬುಡು. ನಿನ್ ಮೆಮೋನೂ ಇರಾಕಿಲ್ಲ, ನನ್ ತಪ್ಪೂ ಇರಾಕಿಲ್ಲ. ಹತ್ತೇ ನಿಮಿಷ."

ನಾನು ಒಪ್ಪಿದೆ. ವೇಳಾಪಟ್ಟಿಯ ಕಡತವು ನಮ್ಮ ವಿಭಾಗದಲ್ಲೇ ಇತ್ತು. ಆ ವಾರವೇ ಒಂದು ಟಿಪ್ಪಣಿಯ ಕರಡನ್ನು ಬರೆದೆ. ಆದರೆ ಅದನ್ನು ಮಂಡಿಸಲು ಧೈರ್ಯ ಬರಲಿಲ್ಲ. ನನ್ನ ಪರೀಕ್ಷಾರ್ಥ ಅವಧಿ ಇನ್ನೂ ಮುಗಿದಿರಲಿಲ್ಲ. ಹೊಸದಾಗಿ ಬಂದವಳು ವೇಳಾಪಟ್ಟಿಯನ್ನು ತಿದ್ದಲು ಹೊರಟಿದ್ದಾಳೆ ಎಂದು ಯಾರಾದರೂ ಅಂದಾರೆಂಬ ಭಯ. ಮುಂದಿನ ಪರಿಷ್ಕರಣೆಯ ಕಾಲಕ್ಕೆ ಇಡೋಣವೆಂದು ಕರಡನ್ನು ಮೇಜಿನ ಖಾನೆಯಲ್ಲಿ ಇಟ್ಟೆ. ಅವರು ಮುಂದಿನ ಜ್ಞಾಪನವನ್ನು ಹಿಡಿದು ಬಂದಾಗ, "ಏನವ್ವ, ನಮ್ ಹತ್ ನಿಮಿಷ ಎಲ್ಲಿಗ್ ಬಂತು?" ಎಂದು ಕೇಳಿದರು. "ಪರಿಶೀಲನೆಯಲ್ಲಿದೆ" ಎಂದೆ. ಅವರು ನಂಬಿದರು. ನಾನು ಮತ್ತೆ 'ನನ್ನ ನಿರ್ಲಕ್ಷ್ಯದಿಂದಾಗಿ' ಎಂದು ಬರೆದೆ, ಅವರು ಮತ್ತೆ ಸಹಿ ಹಾಕಿದರು.

ಅಷ್ಟರಲ್ಲಿ ಒಂದು ಕಾರ್ಖಾನೆಯವರು ತಮ್ಮ ಕಾರ್ಮಿಕರನ್ನು ಕರೆತರಲು ಒಪ್ಪಂದದ ಮೇರೆಗೆ ಬಸ್ಸುಗಳನ್ನು ಕೇಳಿದರು. ಘಟಕದಲ್ಲಿ ಹೆಚ್ಚಿನ ಬಸ್ಸುಗಳಿರಲಿಲ್ಲ. ಯಾವುದಾದರೂ ಮಾರ್ಗದಿಂದ ತೆಗೆದು ಕೊಡಬೇಕಾಗಿತ್ತು. ಹೊಸದಾಗಿ ಬಂದಿದ್ದ ವ್ಯವಸ್ಥಾಪಕರು ವೇಳೆ ಪಾಲಿಸದ ಮಾರ್ಗಗಳ ವಿವರಗಳನ್ನು ಕೇಳಿದರು. ಮೇಲ್ವಿಚಾರಕರು ಹೇಳಿದಂತೆ ನಾನು ಟಿಪ್ಪಣಿಯನ್ನು ಸಿದ್ಧಪಡಿಸಿದೆ. ಅದರಲ್ಲಿ, 'ಹುಣಸೆದೊಡ್ಡಿ ಹಾಲ್ಟ್ ವಾಹನವು ಸತತವಾಗಿ ತಡವಾಗಿ ಹೊರಡುತ್ತಿದ್ದು, ಇದನ್ನು ಚಾಲಕರೇ ಹದಿನಾಲ್ಕು ಬಾರಿ ಲಿಖಿತವಾಗಿ ಒಪ್ಪಿಕೊಂಡಿರುತ್ತಾರೆ' ಎಂದು ಬರೆದವಳೂ ನಾನೇ. ಬರೆಯುವಾಗ ಅದು ಒಂದು ವಾಕ್ಯವಾಗಿ ಮಾತ್ರ ಕಂಡಿತು. ವಾಕ್ಯ ಸರಿಯಾಗಿ ಕೂಡಿ ಬಂದಿತೆಂದು ಸಮಾಧಾನವೂ ಆಗಿತ್ತೆಂಬುದನ್ನು ಮುಚ್ಚಿಡಲಾರೆ.

ಹಾಲ್ಟ್ ರದ್ದಾಯಿತು. ಅದರ ಬದಲು ಮಾಗಡಿಯಿಂದ ಮಧ್ಯಾಹ್ನ ಒಂದು ಬಸ್ಸು ಬಂದು ಹೋಗುವಂತೆ ಆದೇಶವಾಯಿತು.

ನಾಲ್ಕನೆಯ ದಿನ ಹುಣಸೆದೊಡ್ಡಿಯಿಂದ ಹತ್ತು ಹನ್ನೆರಡು ಹೆಂಗಸರು ನಡೆದು, ಲಾರಿ ಹತ್ತಿ, ಘಟಕಕ್ಕೆ ಬಂದರು. ಮುಂದೆ ದೊಡ್ಡವ್ವ. ವ್ಯವಸ್ಥಾಪಕರು ಕೆಟ್ಟ ಮನುಷ್ಯರಲ್ಲ. ಅವರನ್ನು ಒಳಗೆ ಕರೆದು ಕೂರಿಸಿ, ನೀರು ಕೊಡಿಸಿ, ಕಡತವನ್ನು ತೆರೆದು ತೋರಿಸಿದರು.

"ನೋಡ್ರಮ್ಮ, ನಾನಾಗಿ ಮಾಡಿದ್ದಲ್ಲ ಇದು. ನಿಮ್ಮ ಡ್ರೈವರೇ ಬರೆದುಕೊಟ್ಟಿದ್ದಾನೆ. ನನ್ನ ನಿರ್ಲಕ್ಷ್ಯದಿಂದ ಬಸ್ಸು ತಡ ಆಗ್ತಿದೆ ಅಂತ. ಒಂದಲ್ಲ, ಹದಿನಾಲ್ಕು ಸಲ."

"ಅವ್ನು ಹಂಗ್ ಬರ್ದಿರಾಕಿಲ್ಲ ಸ್ವಾಮಿ" ಎಂದರು ದೊಡ್ಡವ್ವ. "ಅವ್ನು ನಮಗೋಸ್ಕರ ಕಾಯ್ತಿದ್ದ. ನಾವು ಹಾಲಾಕಿ ಬರಾಗಂಟ ಕಾಯ್ತಿದ್ದ. ಕರೀರಿ ಅವುನ್ನ, ಎದುರ್ಗೇ ಕೇಳಾನ."

ಅವರನ್ನು ಕರೆಸಿದರು. ಕೈಗೆ ಹತ್ತಿದ ಗ್ರೀಸನ್ನು ಟವೆಲಿನಲ್ಲಿ ಒರೆಸಿಕೊಳ್ಳುತ್ತಾ ಬಂದು ನಿಂತರು. ವ್ಯವಸ್ಥಾಪಕರು ಕಡತವನ್ನು ಅವರ ಕಡೆ ತಿರುಗಿಸಿ, "ಈ ಸೈನು ನಿಂದೇನಾ?" ಎಂದು ಕೇಳಿದರು.

ನಾನು ಬಾಗಿಲ ಬಳಿ ಇನ್ನೊಂದು ಕಡತವನ್ನು ಹಿಡಿದುಕೊಂಡು ನಿಂತಿದ್ದೆ. ಆ ತಿಂಗಳ ಕೊನೆಗೆ ನನ್ನ ಪರೀಕ್ಷಾರ್ಥ ಅವಧಿ ಮುಗಿಯುವುದಿತ್ತು. ಎರಡೂ ಪುಟಗಳ ಕೈಬರಹ ಒಂದೇ ಎಂಬುದನ್ನು ಹೊಸ ವ್ಯವಸ್ಥಾಪಕರು ಗಮನಿಸಿರಲಿಲ್ಲ. ಜ್ಞಾಪನವನ್ನೂ ಉತ್ತರವನ್ನೂ ಒಬ್ಬಳೇ ಬರೆದಿದ್ದಾಳೆಂದು ಅವರಿಗೆ ತಿಳಿದರೆ ನನ್ನ ಕೆಲಸ ಉಳಿಯುವ ಭರವಸೆ ಇರಲಿಲ್ಲ. ಮನೆಯಲ್ಲಿ ಅಮ್ಮ ಮತ್ತು ಓದುತ್ತಿದ್ದ ತಂಗಿ ಇದ್ದರು. ಚಾಲಕರು ಪುಟವನ್ನು ನೋಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ. ಬಸ್ಸು ಬಿಡುವ ಮುನ್ನ ತಲೆ ಎಣಿಸುವಾಗ ನೋಡುತ್ತಿದ್ದರಲ್ಲ, ಹಾಗೆ ನೋಡಿದರು.

"ನಂದೇ ಸ್ವಾಮಿ" ಎಂದರು.

"ನೀನೇ ಬರೆದುಕೊಟ್ಟಿದ್ದಾ?"

"ಹೂಂ ಸ್ವಾಮಿ. ನಾನೇಯ."

ದೊಡ್ಡವ್ವ ಎದ್ದು ನಿಂತರು. "ಏನ್ಲಾ ಅಣ್ಣಯ್ಯ, ಹಿಂಗ್ ಮಾಡ್ಬುಟ್ಟಲ್ಲೋ! ತಡ ಮಾಡಾಕಾಗಾಕಿಲ್ಲ ಅಂತ ನಮ್ಗೊಂದ್ ಮಾತು ಯೋಳಿದ್ರೆ ನಾವೇ ಮುಂಚೆ ಬತ್ತಿದ್ದೋ, ಹಾಲು ಚೆಲ್ಲಿಯಾದ್ರೂ ಬತ್ತಿದ್ದೋ. ನಮ್ ಮುಂದೆ ನಗ್ತಾ ನಗ್ತಾ ಕಾದು, ಇಲ್ಲಿ ಬಂದು ನಮ್ ಬಸ್ಸೇ ಹೋಗಾ ಹಂಗೆ ನಮ್ ಮ್ಯಾಲೆ ಬರ್ಕೊಟ್ಟಾ? ಒಂಬತ್ ವರ್ಸ ನಮ್ ಮನೆ ಮುದ್ದೆ ಉಂಡೆಯಲ್ಲೋ!"

ಚಾಲಕರು ಟವೆಲನ್ನು ಹೆಗಲಿಗೆ ಹಾಕಿಕೊಂಡು ನಿಂತೇ ಇದ್ದರು. ಹೆಂಗಸರು ಅವರನ್ನು ದಾಟಿ ಹೊರಗೆ ಹೋದರು. ದೊಡ್ಡವ್ವನ ಸೊಸೆಯೂ ಅವರಲ್ಲಿದ್ದಳು. ಅವಳು ಕೆಲಸ ಬಿಟ್ಟಳೆಂದು ಆಮೇಲೆ ತಿಳಿಯಿತು. ನಾನು ಬಾಗಿಲಿನಿಂದ ಸರಿದು ಅವರಿಗೆ ದಾರಿ ಬಿಟ್ಟೆ. ಅಂದು ನಾನು ಮಾಡಿದ ಕೆಲಸ ಅಷ್ಟೇ.

ತಿಂಗಳ ಕೊನೆಗೆ ನನ್ನ ಸೇವೆ ಖಾಯಂ ಆಯಿತು. ನನ್ನ ಮೇಜಿಗೆ ಬಂದು ಮೊದಲು ಸಂತೋಷ ಹೇಳಿದವರು ಅವರೇ. "ನಿಮ್ಮಪ್ಪ ಇರ್ಬೇಕಾಗಿತ್ತು ಕಣವ್ವ" ಎಂದರು. ನಾನು ಅಳಲು ಪ್ರಾರಂಭಿಸಿದೆ. ಅವರು ಅದನ್ನು ಬೇರೆ ರೀತಿಯಲ್ಲಿ ತಿಳಿದುಕೊಂಡಂತೆ ನಟಿಸಿ, "ಸುಮ್ಕಿರು, ಅಪ್ಪ ಎಲ್ಲಿದ್ರೂ ನೋಡ್ತಾವ್ನೆ" ಎಂದು ಹೋದರು.

ಅವರಿಗೆ ಕಾರ್ಖಾನೆಯ ಬಸ್ಸನ್ನು ಕೊಟ್ಟರು. ಅಲ್ಲಿ ಅವರು ಒಂದು ನಿಮಿಷವೂ ತಡ ಮಾಡಲಿಲ್ಲ. ಹದಿನೈದನೆಯ ಜ್ಞಾಪನವನ್ನು ಬರೆಯುವ ಸಂದರ್ಭವೇ ಬರಲಿಲ್ಲ. "ಎಲ್ಲಾ ಹತ್ತಿ ಕೂತ್ಕಂಡು ನಿದ್ದೆ ಹೊಡೀತಾರೆ ಕಣವ್ವ. ಹಾರನ್ ಹೊಡ್ದು ಎಬ್ಬರಿಸೋ ಹಂಗಿಲ್ಲ, ಕಾಯೋ ಹಂಗಿಲ್ಲ. ಗೇಟ್‌ನೋನು ತೆಗೀತಾನೆ, ನಾನು ಒಳಕ್ ಬುಡ್ತೀನಿ" ಎಂದು ಒಮ್ಮೆ ಹೇಳಿದರು. ಬಾನೆಟ್ಟಿನ ಮೇಲೆ ಕೈಯಿಟ್ಟು ನಿಲ್ಲುವುದನ್ನು ಅವರು ಬಿಟ್ಟಿದ್ದರು. ಆ ಚಳಿಗಾಲದಲ್ಲಿ ಕಚೇರಿಗೆ ಅವರೆಕಾಯಿ ಬರಲಿಲ್ಲ.

ಅವರ ನಿವೃತ್ತಿಯ ದಿನ ಹಾರ ಹಾಕಿ, ಶಾಲು ಹೊದಿಸಿ, ಅಪಘಾತರಹಿತ ಚಾಲಕರೆಂದು ಹೊಗಳಿದರು. ಎಲ್ಲರೂ ಮೈಸೂರುಪಾಕು ತಿನ್ನುತ್ತಿರುವಾಗ ಅವರು ಶಾಲನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಬಳಿ ಬಂದರು.

"ಒಂದ್ ಕಾಗ್ದ ಬರ್ಕೊಡವ್ವ. ಇದೇ ಕೊನೇದು."

"ಯಾರಿಗೆ?"

"ಹುಣಸೆದೊಡ್ಡಿಗೆ. ಆ ಮಾತು ನಾನ್ ಬರ್ದಿದ್ದಲ್ಲ ಅಂತ. ಬರ್ದೋರು ಯಾರು ಅಂತ ಹಾಕಬ್ಯಾಡ. ನಾನಲ್ಲ ಅಂತಷ್ಟೇಯ. ಎಲ್ಲಾ ಊರ್ಗೂ ಹೋಯ್ತೀನಿ, ಆ ಊರ್ಗೆ ಮಾತ್ರ ಹೋಗಾಕ್ ಮಕ ಇಲ್ಲ."

ಬರೆಯುತ್ತೇನೆಂದು ಹೇಳಿದೆ. ಅಂದು ಸಂಜೆಯೇ ಕಾಗದವನ್ನು ತೆಗೆದುಕೊಂಡು ಕುಳಿತೆ. ಯಾರನ್ನು ಸಂಬೋಧಿಸಬೇಕೆಂದು ತಿಳಿಯಲಿಲ್ಲ. ಊರಿಗೆ ಪತ್ರ ಬರೆಯುವ ನಮೂನೆ ನಮ್ಮ ಕಚೇರಿಯಲ್ಲಿರಲಿಲ್ಲ. 'ನಾನಲ್ಲ' ಎಂದು ಅವರ ಪರವಾಗಿ ಬರೆದರೆ, ಮತ್ತೆ ಯಾರು ಎಂಬ ಪ್ರಶ್ನೆ ಬರುವುದೆಂದು ಅಂಜಿದೆ. ನಾಳೆ ಬರೆಯೋಣವೆಂದು ಇಟ್ಟೆ. ಖಾನೆಯಲ್ಲಿ ಆ ಹತ್ತು ನಿಮಿಷದ ಕರಡು ಇನ್ನೂ ಇತ್ತು. ಅದರ ಮೇಲೆಯೇ ಈ ಖಾಲಿ ಕಾಗದವನ್ನೂ ಇಟ್ಟೆ.

ಅವರು ಎರಡು ಬಾರಿ ಕಚೇರಿಗೆ 'ಸುಮ್ನೆ ಬಂದೆ' ಎಂದು ಬಂದು ಹೋದರು. ಪತ್ರದ ಬಗ್ಗೆ ಕೇಳಲಿಲ್ಲ. ವರ್ಷ ತುಂಬುವುದರೊಳಗೆ, ಜಗಲಿಯ ಮೇಲೆ ಕುಳಿತಿದ್ದವರು ಹಾಗೆಯೇ ಒರಗಿದರೆಂದು ಸುದ್ದಿ ಬಂದಿತು. ದೊಡ್ಡಆಲಹಳ್ಳಿಯ ಕಡೆಗೆ ಘಟಕದಿಂದ ಒಂದು ಬಸ್ಸು ಹೋಯಿತು. ಹುಣಸೆದೊಡ್ಡಿಯಿಂದ ಯಾರೂ ಬಂದಿರಲಿಲ್ಲ. ಅವರಿಗೆ ಹೇಳಿಕಳಿಸಿದವರೂ ಇರಲಿಲ್ಲ.

ಈಗ ಆ ಕಡತವನ್ನು ನಾಶಪಡಿಸುವ ಪಟ್ಟಿಗೆ ಸೇರಿಸಿ ನಾನು ಸಹಿ ಹಾಕಬೇಕಾಗಿದೆ. ಅದಕ್ಕೆ ಮುಂಚೆ, ಹದಿನಾಲ್ಕು ಉತ್ತರಗಳ ಬದಲಾಗಿ ಅಂದೇ ಬರೆಯಬೇಕಾಗಿದ್ದ ಒಂದು ಉತ್ತರವನ್ನು ಬರೆದೆ. ಅದು ಈ ಕೆಳಗಿನಂತಿದೆ.

'ಹುಣಸೆದೊಡ್ಡಿಯ ದೊಡ್ಡವ್ವನವರಿಗೂ ಸಮಸ್ತರಿಗೂ ವಂದನೆಗಳು. ನಿಮ್ಮ ಊರಿನ ಬಸ್ಸು ತಡವಾಗಿ ಹೊರಡುತ್ತಿದ್ದುದು ನಿಜ. ನೀವು ಡೈರಿಗೆ ಹಾಲು ಹಾಕಿ ಬರುವವರೆಗೆ ಚಾಲಕರು ಕಾಯುತ್ತಿದ್ದರು. ಅವರು ನಿಮ್ಮ ಮೇಲೆ ಏನನ್ನೂ ಬರೆದುಕೊಟ್ಟಿಲ್ಲ. ಆ ಕಾಗದಗಳನ್ನು ಬರೆದವಳು ನಾನು. ವೇಳೆಯನ್ನು ಹತ್ತು ನಿಮಿಷ ಮುಂದಕ್ಕೆ ಹಾಕಿಸೆಂದು ಅವರು ನನ್ನನ್ನು ಕೇಳಿದ್ದರು. ನಾನು ಮಾಡಲಿಲ್ಲ. ನೀವು ಬಂದ ದಿನ ನನ್ನ ಕೆಲಸ ಹೋಗಬಾರದೆಂದು ಅವರು ತಮ್ಮದೆಂದು ಒಪ್ಪಿಕೊಂಡರು. ನಾನು ಅಲ್ಲಿಯೇ ನಿಂತಿದ್ದೆ.'

ಇದನ್ನು ಅಂಚೆಗೆ ಹಾಕಲು ಮನಸ್ಸು ಬರಲಿಲ್ಲ. ಹುಣಸೆದೊಡ್ಡಿಗೆ ಈಚಿನ ವರ್ಷಗಳಲ್ಲಿ ಹಾಲ್ಟ್ ಬಸ್ಸು ಮತ್ತೆ ಬರುತ್ತಿದೆ. ಯಾರು ಮಾಡಿಸಿದರೋ, ಯಾವ ಟಿಪ್ಪಣಿಯ ಮೇಲೆ ಆಯಿತೋ ತಿಳಿಯದು. ಬೆಳಿಗ್ಗೆ ಅಲ್ಲಿಂದ ಹೊರಡುವ ವೇಳೆ ಆರು ಗಂಟೆ ಇಪ್ಪತ್ತು ನಿಮಿಷ. ಸಂಜೆಯ ಬಸ್ಸಿನಲ್ಲಿ ಪಕ್ಕದ ಊರಿನ ನಮ್ಮ ದೊಡ್ಡಮ್ಮನ ಮನೆಗೆ ಹೋಗಿ, ಬೆಳಿಗ್ಗೆ ಡೈರಿಯ ಬಳಿಗೆ ಬಂದೆ.

ದೊಡ್ಡವ್ವ ಈಗ ಕೋಲು ಹಿಡಿದಿದ್ದಾರೆ. ಹಾಲನ್ನು ಮೊಮ್ಮಗಳು ತರುತ್ತಾಳೆ, ಇವರು ಜೊತೆಗೆ ಬಂದು ಕಟ್ಟೆಯ ಮೇಲೆ ಕುಳಿತಿರುತ್ತಾರೆ. ನಾನು ಯಾರೆಂದೂ, ಆ ಚಾಲಕರು ತೀರಿಕೊಂಡರೆಂದೂ ಹೇಳಿದೆ. ಕಾಗದವನ್ನು ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ ನನಗೇ ಹಿಂದಿರುಗಿಸಿದರು.

"ನಂಗೆ ಓದಾಕ್ ಬರಾಕಿಲ್ಲ. ನೀನೇ ಓದವ್ವ."

ಓದಿದೆ. ಓದಿ ಮುಗಿಸಿದ ಮೇಲೆ ದೊಡ್ಡವ್ವ ಬಸ್ಸಿನ ಕಡೆ ತಿರುಗಿದರು.

"ಆವತ್ತು ನಾನು ಅಂದ್ ಮಾತ ಅವ್ನು ಹೊತ್ಕಂಡೇ ಹೋಗ್ಬುಟ್ನಾ?" ಎಂದು ಕೇಳಿದರು.

ಹೌದೆಂದೆ.

"ಒಸಿ ಮುಂಚೆ ಬಂದಿದ್ರೆ ಆಗ್ತಿರ್ನಿಲ್ವಾ ಕಣವ್ವ ನೀನು? ಯಾಕಿಷ್ಟು ತಡ ಮಾಡ್ದೆ?"

ಇಷ್ಟು ವರ್ಷ ಕಂಡವರಿಗೆಲ್ಲ ನಾನು ಬರೆದು ಕಳಿಸಿದ ಪ್ರಶ್ನೆ ಅದು. ಕಾಗದವನ್ನು ಮಡಿಸಿ ಅವರ ಕೈಯಲ್ಲಿಟ್ಟೆ. ಡೈರಿಯಲ್ಲಿ ಕೊನೆಯ ಕ್ಯಾನನ್ನು ಅಳೆದು ಮುಗಿಸಿದರು. ಹೆಂಗಸರು ನಿಧಾನವಾಗಿ ನಡೆದು ಬಂದು ಬಸ್ಸು ಹತ್ತಿದರು, ಯಾರೂ ಓಡಲಿಲ್ಲ. ಚಾಲಕ ಗಡಿಯಾರ ನೋಡಿ ಬಸ್ಸನ್ನು ಹೊರಡಿಸಿದ. ಸರಿಯಾಗಿ ಆರೂ ಇಪ್ಪತ್ತು. ಹಾರನ್ ಹೊಡೆಯಲಿಲ್ಲ.